ಮಗುವಿನ ತೂಕವೇ ಸಾಕ್ಷಿ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಮ್ಮ ಪೇಟೆಯ ಕಿರಾಣಿ ಅಂಗಡಿಯವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಡತಿಯಿಂದ ಬಂದ ಚೀಲದ ಮೇಲೆ ಐವತ್ತು ಕಿಲೋ ಎಂದು ಬರೆದಿದ್ದರೂ ಅವನು ಅದನ್ನು ತನ್ನ ತಕ್ಕಡಿಗೆ ಹಾಕಿ ನೋಡಿಯೇ ಒಳಗಿಡುತ್ತಾನೆ. ಗಿರಣಿಯ ಕೆಲಸಗಾರನೂ ಹಾಗೆಯೇ. ಹಾಜರಿ ಎಷ್ಟು, ಹೆಚ್ಚುವರಿ ದುಡಿಮೆ ಎಷ್ಟು, ಕಡಿತ ಎಷ್ಟು ಎಂದು ಬೆರಳು ಮಡಿಚಿ ಎಣಿಸಿ, ಬ್ಯಾಂಕಿಗೆ ಬಿದ್ದ ಹಣದೊಂದಿಗೆ ತಾಳೆ ನೋಡಿದ ಮೇಲೆಯೇ ಅವನಿಗೆ ನಿದ್ದೆ. ದುಡಿದು ತಿನ್ನುವವರಿಗೆ ಅಳತೆಯ ಬೆಲೆ ಗೊತ್ತು. ಅಳತೆ ತಪ್ಪಿದರೆ ಹೋಗುವುದು ತಮ್ಮ ತಟ್ಟೆಯ ಅನ್ನವೇ ಎಂಬುದೂ ಗೊತ್ತು.

ಆದರೆ ಸರಕಾರದ ರೀತಿಯೇ ಬೇರೆ. ಕೋಟಿಗಟ್ಟಲೆ ರೂಪಾಯಿಯ ಯೋಜನೆ ಬರುತ್ತದೆ, ಹಾರ ಬೀಳುತ್ತದೆ, ಭಾಷಣವಾಗುತ್ತದೆ, ಕಲ್ಲಿನ ಮೇಲೆ ಮಂತ್ರಿಗಳ ಹೆಸರು ಕೆತ್ತುತ್ತಾರೆ. ಅದರಿಂದ ಯಾರಿಗೆ ಏನಾಯಿತು ಎಂದು ಹಿಂತಿರುಗಿ ನೋಡುವುದು ಅಪರೂಪ. ಈ ಚಾಳಿಯನ್ನು ಬಿಡಿಸಬೇಕೆಂದು ಸರಕಾರದ ಕಚೇರಿಗಳ ಒಳಗೇ ಕೆಲವರು ಶ್ರಮಿಸುತ್ತ ಬಂದಿದ್ದಾರೆ. ನಮ್ಮ ರಾಜ್ಯದಲ್ಲಿ ಯೋಜನೆಗಳ ಫಲಾಫಲವನ್ನು ಪರಿಶೀಲಿಸುವುದಕ್ಕೆಂದೇ 2011ರಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಎಂಬ ಸಂಸ್ಥೆ ಹುಟ್ಟಿತು. ಇಂಥ ಕಚೇರಿಗಳವರು ತಮ್ಮ ಕೆಲಸಕ್ಕೆ ಇಟ್ಟ ಹೆಸರು ಸಾಕ್ಷ್ಯಾಧಾರಿತ ನೀತಿ. ಹೆಸರು ಭಾರವಾಗಿದೆ, ಅರ್ಥ ಹಗುರವಾಗಿದೆ: ಮೊದಲು ತೂಗು, ಆಮೇಲೆ ತೀರ್ಮಾನಿಸು. ಇದು ಬೆಂಗಳೂರಿನ ಕಚೇರಿಯ ದೊಡ್ಡವರ ವಿಚಾರ, ನಮಗೇನು ಎಂದು ನಮ್ಮ ಓದುಗರಲ್ಲಿ ಕೆಲವರು ಕೇಳಬಹುದು. ಅದು ನಮ್ಮದೇ ವಿಚಾರ ಎಂದು ತೋರಿಸುವುದಕ್ಕೆ ನಮಗೆ ಒಂದು ಕೋಳಿಮೊಟ್ಟೆ ಸಾಕು.

ಶಾಲೆಯ ಬಿಸಿಯೂಟದ ಕಥೆ ಓದುಗರಿಗೆ ಗೊತ್ತೇ ಇದೆ. ಬೇಯಿಸಿದ ಊಟ ಕೊಡಲೇಬೇಕು ಎಂದು ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ ಆಜ್ಞೆ ಮಾಡಿದ ಮೇಲೆ, 2002ರಲ್ಲಿ ನಮ್ಮ ರಾಜ್ಯದ ಈಶಾನ್ಯದ ಜಿಲ್ಲೆಗಳಲ್ಲಿ ಅದು ಆರಂಭವಾಗಿ ಮುಂದೆ ಎಲ್ಲ ಜಿಲ್ಲೆಗಳಿಗೂ ಹಬ್ಬಿತು. ಅನ್ನ, ಸಾರು ಸಿಕ್ಕಿತು. 2013ರಿಂದ ಹಾಲೂ ಸಿಕ್ಕಿತು. ಆದರೂ ಮಕ್ಕಳ ಮೈ ತುಂಬಲಿಲ್ಲ. 2019-20ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿರಲಿಲ್ಲ. 65 ಮಕ್ಕಳಿಗೆ ರಕ್ತಹೀನತೆ. ಇದೇ ಮಕ್ಕಳು ಮುಂದೆ ಶಾಲೆಗೆ ಬಂದು ಕೂರುತ್ತಾರೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಸ್ಥಿತಿ ಇನ್ನೂ ಕೆಟ್ಟದ್ದಾಗಿತ್ತು.

ಈ ಲೆಕ್ಕವನ್ನು ಮುಂದಿಟ್ಟುಕೊಂಡು ಶಿಕ್ಷಣ ಇಲಾಖೆಯವರು 2021ರ ನವೆಂಬರಿನಲ್ಲಿ ಒಂದು ಆದೇಶ ಹೊರಡಿಸಿದರು. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಈ ಏಳು ಜಿಲ್ಲೆಗಳ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಡಿಸೆಂಬರಿನಿಂದ ಮಾರ್ಚಿನವರೆಗೆ ಬಿಸಿಯೂಟದ ಜೊತೆ ಬೇಯಿಸಿದ ಮೊಟ್ಟೆ. ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು. ಯಾರಿಗೂ ಬಲವಂತವಿಲ್ಲ.

ಬಲವಂತವಿಲ್ಲದಿದ್ದರೂ ಗದ್ದಲವೆದ್ದಿತು. ಕೆಲವು ಮಠಾಧೀಶರು ಮತ್ತು ಸಂಘಟನೆಗಳವರು ಮೊಟ್ಟೆ ಕೂಡದೆಂದರು, ಹೋರಾಟದ ಮಾತಾಡಿದರು. ಇದು ನಮ್ಮ ದೇಶದಲ್ಲಿ ಹೊಸತೇನಲ್ಲ. 2015ರಲ್ಲಿ ಮಧ್ಯಪ್ರದೇಶದಲ್ಲಿ ಮೂರು ಜಿಲ್ಲೆಗಳ ಅಂಗನವಾಡಿಗಳಲ್ಲಿ ಮೊಟ್ಟೆ ಕೊಟ್ಟು ನೋಡೋಣವೆಂದು ಇಲಾಖೆಯವರು ಸಲಹೆ ಮಾಡಿದಾಗ ಅಲ್ಲಿನ ಮುಖ್ಯಮಂತ್ರಿಗಳು ಅದನ್ನು ತಳ್ಳಿಹಾಕಿದ್ದರು. ಅಲ್ಲಿ ತಕ್ಕಡಿಗೆ ಹಾಕುವ ಮೊದಲೇ ತೀರ್ಪು ಬಂದಿತ್ತು. ನಮ್ಮಲ್ಲೂ ಹಾಗೆಯೇ ಆಗಬಹುದಿತ್ತು. ಆದರೆ ಈ ಸಲ ಎರಡು ಸಂಗತಿಗಳು ನಡೆದವು.

ಒಂದನೆಯದು, ಮಕ್ಕಳೇ ಬಾಯಿಬಿಟ್ಟರು. ಕೊಪ್ಪಳ ಜಿಲ್ಲೆಯ ಗಂಗಾವತಿಯ ಸರಕಾರಿ ಶಾಲೆಯ ಹೆಣ್ಣುಮಕ್ಕಳು ನಮಗೆ ಮೊಟ್ಟೆ ಬೇಕು, ತಪ್ಪಿಸಿದರೆ ನಿಮ್ಮ ಮಠಕ್ಕೇ ಬಂದು ಕೂತು ತಿನ್ನುತ್ತೇವೆ ಎಂಬ ಅರ್ಥದ ಮಾತನಾಡಿದ್ದನ್ನು ಆ ಡಿಸೆಂಬರಿನಲ್ಲಿ ನಾಡೆಲ್ಲ ಮೊಬೈಲಿನಲ್ಲಿ ಕಂಡಿತು. ದೊಡ್ಡವರ ಸಭೆಗಳಲ್ಲಿ ಆಡಲಾಗದ ಮಾತನ್ನು ಹಸಿದ ಹುಡುಗಿಯರು ಆಡಿದರು.

ಎರಡನೆಯದು, ಇಲಾಖೆ ತಕ್ಕಡಿ ಹಿಡಿಯಿತು. ಗದಗದಲ್ಲಿರುವ ಕರ್ನಾಟಕ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಕ್ಕೆ ಅಧ್ಯಯನದ ಕೆಲಸ ವಹಿಸಲಾಯಿತು. ಮೊಟ್ಟೆ ಸಿಕ್ಕುತ್ತಿದ್ದ ಯಾದಗಿರಿ ಜಿಲ್ಲೆಯ ಮಕ್ಕಳನ್ನೂ, ಮೊಟ್ಟೆಯಿಲ್ಲದೆ ಎಂದಿನ ಬಿಸಿಯೂಟ ಉಣ್ಣುತ್ತಿದ್ದ ಗದಗ ಜಿಲ್ಲೆಯ ಮಕ್ಕಳನ್ನೂ ತೂಗಿ, ಅಳೆದು, ಹೋಲಿಸಿದರು. ಯಾದಗಿರಿಯ ಮಕ್ಕಳ ತೂಕ ಗದಗಿನ ಮಕ್ಕಳಿಗಿಂತ ಹೆಚ್ಚು ಏರಿತ್ತು. ಅದರಲ್ಲೂ ಎಂಟನೆಯ ತರಗತಿಯ ಹೆಣ್ಣುಮಕ್ಕಳಲ್ಲಿ ಆ ಏರಿಕೆ ಎದ್ದು ಕಾಣುವಂತಿತ್ತು. ಆ ವಯಸ್ಸಿನ ಹುಡುಗಿಯ ಮೈಗೆ ಏನು ಬೇಕು, ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಉಣ್ಣುವವರು ಯಾರು ಎಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದಾದ ಮೇಲೆ 2022ರ ಜುಲೈಯಲ್ಲಿ ಸರಕಾರ ಮೊಟ್ಟೆಯನ್ನು ಎಲ್ಲ ಜಿಲ್ಲೆಗಳ ಒಂದರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ವರ್ಷದಲ್ಲಿ 46 ದಿನ ಕೊಡುವುದೆಂದು ನಿಶ್ಚಯಿಸಿತು; ಬೇಡದವರಿಗೆ ಬಾಳೆಹಣ್ಣು ಅಥವಾ ಕಡಲೆಮಿಠಾಯಿ. ಹೆಚ್ಚಿನ ಮಕ್ಕಳು ಆರಿಸಿಕೊಂಡದ್ದು ಮೊಟ್ಟೆಯನ್ನೇ. 2023ರಲ್ಲಿ ಸರಕಾರ ಬದಲಾಯಿತು, ಪಕ್ಷ ಬದಲಾಯಿತು. ಮೊಟ್ಟೆ ಮಾತ್ರ ಉಳಿಯಿತು. ವಾರಕ್ಕೆ ಎರಡು ಆಯಿತು, ಹತ್ತನೆಯ ತರಗತಿಯವರೆಗೂ ಹೋಯಿತು. ಒಂದು ಪಕ್ಷದ ಸರಕಾರ ಆರಂಭಿಸಿದ್ದನ್ನು ಇನ್ನೊಂದು ಪಕ್ಷದ ಸರಕಾರ ಹೆಚ್ಚಿಸಿದ್ದು ನಮ್ಮ ರಾಜಕಾರಣದಲ್ಲಿ ದಿನವೂ ನಡೆಯುವ ಸಂಗತಿಯಲ್ಲ. ಮಕ್ಕಳ ದನಿ ಮತ್ತು ಮಕ್ಕಳ ತೂಕ ಎರಡೂ ಸೇರಿ ಮೊಟ್ಟೆಗೆ ಬೇರು ಕೊಟ್ಟವು ಎಂಬುದು ನಮ್ಮ ಅಭಿಪ್ರಾಯ. ಬರೀ ದನಿಯಾಗಿದ್ದರೆ ಅದಕ್ಕಿಂತ ದೊಡ್ಡ ದನಿ ಬಂದು ಅದನ್ನು ಅಡಗಿಸಬಹುದಿತ್ತು. ಬರೀ ಅಂಕಿಯಾಗಿದ್ದರೆ ಅದು ಯಾವುದೋ ಕಪಾಟಿನಲ್ಲಿ ಗೆದ್ದಲಿಗೆ ಆಹಾರವಾಗಬಹುದಿತ್ತು.

ಇಲ್ಲಿ ನಮ್ಮ ಕೆಲವು ಗೆಳೆಯರು ಒಂದು ಆಕ್ಷೇಪ ಎತ್ತುತ್ತಾರೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಮಗು ಹಸಿದಿದೆ ಎಂದು ಕಾಣುತ್ತಿರುವಾಗ ಅಧ್ಯಯನ ಏಕೆ, ವಿಶ್ವವಿದ್ಯಾಲಯ ಏಕೆ? ಗದಗಿನ ಮಗುವಿಗೆ ಮೊಟ್ಟೆ ಕೊಡದೆ ಹೋಲಿಸಿ ನೋಡಿದ್ದು ನ್ಯಾಯವೆ? ಈ ಆಕ್ಷೇಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆಕ್ಷೇಪಿಸುವವರ ಕರುಳು ಸರಿಯಾದ ಜಾಗದಲ್ಲಿದೆ. ಆದರೆ ಉತ್ತರವೂ ಇದೆ. ಆ ಚಳಿಗಾಲದಲ್ಲಿ ಗದಗಿನ ಮಗುವಿಗೆ ಮೊಟ್ಟೆ ಸಿಗದಿದ್ದುದಕ್ಕೆ ಕಾರಣ ಅಧ್ಯಯನವಲ್ಲ. ಸರಕಾರ ಹಣ ಇಟ್ಟದ್ದು ಏಳು ಜಿಲ್ಲೆಗಳಿಗೆ ಮಾತ್ರ. ಅಧ್ಯಯನ ನಡೆದದ್ದರಿಂದ ಮುಂದಿನ ವರ್ಷ ಗದಗಿನ ಮಗುವಿಗೂ ಅದು ಸಿಗುವ ದಾರಿಯಾಯಿತು. ಅಂಗೈ ಹುಣ್ಣು ನೋಡುವುದಕ್ಕೆ ಕನ್ನಡಿ ಬೇಡ, ಒಪ್ಪುತ್ತೇವೆ. ಹುಣ್ಣಿಗೆ ಯಾವ ಮದ್ದು ಹತ್ತುತ್ತದೆ ಎಂಬುದನ್ನು ಹಚ್ಚಿ ನೋಡಿಯೇ ತಿಳಿಯಬೇಕು.

ಹಸಿವನ್ನು ಕಂಡೂ ಕಾಣದವರಂತೆ ಇರುವವರ ಎದುರು ಅಂಕಿ ಬಹಳ ಕೆಲಸ ಮಾಡುತ್ತದೆ ಎಂಬುದಕ್ಕೆ ನಮ್ಮಲ್ಲಿ ಹಳೆಯ ನಿದರ್ಶನವಿದೆ. ಹೈದರಾಬಾದ್ ಕರ್ನಾಟಕ ಹಿಂದುಳಿದಿದೆ ಎಂದು ಆ ಭಾಗದ ಜನ ದಶಕಗಳ ಕಾಲ ಕೂಗಿದರು. ಎಲ್ಲ ಭಾಗದವರೂ ಹಾಗೇ ಹೇಳುತ್ತಾರೆ ಎಂದು ಬೆಂಗಳೂರು ಸುಮ್ಮನಿತ್ತು. ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗಿನ 175 ತಾಲ್ಲೂಕುಗಳನ್ನು ಒಂದೊಂದಾಗಿ ಅಳೆದು 114 ಹಿಂದುಳಿದಿವೆ ಎಂದಿತು; 39 ಅತ್ಯಂತ ಹಿಂದುಳಿದವು, ಅವುಗಳಲ್ಲಿ 21 ಕಲಬುರಗಿ ವಿಭಾಗದವೇ ಎಂದು ಹೆಸರು ಹಿಡಿದು ಹೇಳಿತು. ಅಂದಿನಿಂದ ಯಾವ ಮಂತ್ರಿಗೂ ಎಲ್ಲ ಭಾಗವೂ ಒಂದೇ ಎಂದು ಮಾತು ತೇಲಿಸಲು ಬಾಯಿ ಬರಲಿಲ್ಲ. ಕೊಡಬೇಕಾದ್ದನ್ನೆಲ್ಲ ಕೊಟ್ಟರೆಂದು ನಾವು ಹೇಳುತ್ತಿಲ್ಲ. ಕೇಳುವವನ ಕೈಗೆ ಒಂದು ಲೆಕ್ಕದ ಪುಸ್ತಕ ಬಂತು ಎಂದಷ್ಟೇ ಹೇಳುತ್ತೇವೆ. ಸಾಲಗಾರನ ಎದುರು ಲೆಕ್ಕದ ಪುಸ್ತಕವಿಲ್ಲದೆ ನಿಂತ ವ್ಯಾಪಾರಿಯ ಗತಿ ಏನೆಂಬುದು ನಮ್ಮ ಪೇಟೆಯವರಿಗೆ ಗೊತ್ತು.

ಹಾಗೆಂದು ಎಲ್ಲ ತಕ್ಕಡಿಯೂ ಸರಿ ಎಂದು ನಾವು ಕೈಮುಗಿದು ಕೂರುವುದಿಲ್ಲ. ಯಾದಗಿರಿ-ಗದಗಗಳ ಹೋಲಿಕೆಯಲ್ಲಿಯೂ ಕೊರತೆಯಿದೆ. ಎರಡು ಜಿಲ್ಲೆಗಳ ಮಳೆ ಬೇರೆ, ಕೂಲಿ ಬೇರೆ, ಬಡತನದ ಆಳ ಬೇರೆ. ಸೊರಗಿದ ಮಗು ಸ್ವಲ್ಪ ಪುಷ್ಟಿ ಸಿಕ್ಕರೂ ಬೇಗ ಮೈದುಂಬುತ್ತದೆ. ಹೆಚ್ಚಿದ ತೂಕವೆಲ್ಲ ಮೊಟ್ಟೆಯದೇ ಎಂದು ಸಂದೇಹವಿಲ್ಲದೆ ಹೇಳಲು ಇಂಥ ಹೋಲಿಕೆ ಸಾಲದು. ಇದಕ್ಕಿಂತ ನಿಖರವಾದ ವಿಧಾನವುಂಟು. ನೆರೆಯ ತಮಿಳುನಾಡಿನಲ್ಲಿ ಅದನ್ನು ಮಾಡಿಯೂ ತೋರಿಸಿದ್ದಾರೆ.

ಆ ರಾಜ್ಯ ಮಕ್ಕಳ ಊಟದಲ್ಲಿ ನಮಗಿಂತ ಬಹಳ ಮುಂದೆ. ಅಲ್ಲಿ ಶಾಲೆಯ ಊಟಕ್ಕೆ ಮೊಟ್ಟೆ ಬಂದದ್ದು 1989ರಲ್ಲಿ. 2014ರಲ್ಲಿ ಅಲ್ಲಿನ ಸರಕಾರ ಜೆ-ಪಾಲ್ ಎಂಬ ಸಂಶೋಧನಾ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು, ತನ್ನ ಯೋಜನೆಗಳನ್ನು ಹೀಗೆ ಒರೆಗೆ ಹಚ್ಚುವ ಕೆಲಸಕ್ಕೆ ಕೈಹಾಕಿತು. ಅಲ್ಲಿ ನಡೆದ ಒಂದು ಪ್ರಯೋಗ ಅಂಗನವಾಡಿಯದು. ಒಬ್ಬಳೇ ಕಾರ್ಯಕರ್ತೆ ಪಾಠ ಹೇಳಬೇಕು, ತೂಕ ನೋಡಬೇಕು, ರಿಜಿಸ್ಟರ್ ತುಂಬಬೇಕು, ಮನೆಮನೆ ತಿರುಗಬೇಕು. ಅವಳ ಜೊತೆಗೆ ಅರ್ಧ ದಿನದ ಇನ್ನೊಬ್ಬ ಹೆಣ್ಣುಮಗಳನ್ನು ಮಕ್ಕಳಿಗೆ ಕಲಿಸುವುದಕ್ಕೆಂದೇ ನೇಮಿಸಿದರೆ ಏನಾದೀತು? 320 ಅಂಗನವಾಡಿಗಳನ್ನು ಹಿಡಿದು, ಚೀಟಿ ಎತ್ತಿದ ಹಾಗೆ ಅರ್ಧಕ್ಕೆ ಆ ಹೆಚ್ಚಿನ ಕೈಯನ್ನು ಕೊಟ್ಟರು, ಅರ್ಧವನ್ನು ಇದ್ದಂತೆ ಬಿಟ್ಟರು. ಚೀಟಿ ಎತ್ತುವುದರ ಗುಣವೆಂದರೆ ಅದಕ್ಕೆ ನಮ್ಮವರು ತಮ್ಮವರು ಎಂಬುದಿಲ್ಲ. ಎರಡು ಗುಂಪೂ ಎಲ್ಲ ರೀತಿಯಲ್ಲಿ ಹೆಚ್ಚುಕಡಿಮೆ ಸಮನಾಗುತ್ತವೆ. ಆಮೇಲೆ ಕಂಡ ವ್ಯತ್ಯಾಸಕ್ಕೆ ಹೊಸ ಕೈಯೇ ಕಾರಣವೆಂದು ಧೈರ್ಯವಾಗಿ ಹೇಳಬಹುದು. ಫಲವೇನು? ಮಕ್ಕಳಿಗೆ ಕಲಿಸುವ ಹೊತ್ತು ಎರಡರಷ್ಟಾಯಿತು. ಕಲಿಕೆ ಸುಧಾರಿಸಿತು. ಹಳೆಯ ಕಾರ್ಯಕರ್ತೆಗೆ ಪೌಷ್ಟಿಕ ಆಹಾರದ ಕೆಲಸಕ್ಕೆ ಬಿಡುವು ಸಿಕ್ಕಿತು; ತೀವ್ರ ಅಪೌಷ್ಟಿಕತೆಯೂ ಇಳಿಯಿತು.

ಇದನ್ನು ನಮ್ಮ ಕೆಲಸಗಾರ ಬಂಧುಗಳು ಚೆನ್ನಾಗಿ ಗಮನಿಸಬೇಕು. ಲೆಕ್ಕ ಹಿಡಿದು ಬರುವ ಅಧಿಕಾರಿಯೆಂದರೆ ಕೈ ಕಡಿಮೆ ಮಾಡುವವನು, ಹುದ್ದೆ ಕತ್ತರಿಸುವವನು ಎಂದು ಗಿರಣಿಯ ಅನುಭವದಿಂದ ನಾವು ಭಾವಿಸಿಕೊಂಡಿದ್ದೇವೆ. ತಮಿಳುನಾಡಿನ ಲೆಕ್ಕ ಹೇಳಿದ್ದು ಬೇರೆ: ಇನ್ನೊಂದು ಕೈ ಕೊಡಿ, ಸಂಬಳ ಕೊಡಿ, ಹಾಕಿದ ಹಣ ವ್ಯರ್ಥವಾಗದು. ಪ್ರಾಮಾಣಿಕವಾಗಿ ತೂಗಿದರೆ ತಕ್ಕಡಿ ಅನೇಕ ಸಲ ದುಡಿಯುವವರ ಕಡೆಗೇ ವಾಲುತ್ತದೆ. ಏಕೆಂದರೆ ಕೊರತೆಯಿರುವುದು ಅವರ ಕಡೆಯಲ್ಲಿಯೇ.

ಆದರೆ ತಕ್ಕಡಿ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಎಂದಿಗೂ ತಪ್ಪುವುದಿಲ್ಲ. ತುಟ್ಟಿಭತ್ಯೆಯ ಸೂಚ್ಯಂಕವನ್ನೇ ನೋಡಿ. ಅದು ಕೇಂದ್ರ ಸರಕಾರದ ಲೇಬರ್ ಬ್ಯೂರೋದ ಲೆಕ್ಕ. 88 ಕೇಂದ್ರಗಳ ಪೇಟೆಗಳಲ್ಲಿ ಬೆಲೆ ಕೇಳಿ ಮಾಡಿದ್ದು. 2020ರಲ್ಲಿ ಅದರ ಮೂಲವರ್ಷವನ್ನು 2001ರಿಂದ 2016ಕ್ಕೆ ಬದಲಿಸಿದಾಗ ಊಟದ ಪದಾರ್ಥಗಳಿಗೆ ಇದ್ದ ಪಾಲು ನೂರಕ್ಕೆ 46ರಿಂದ 39ಕ್ಕೆ ಇಳಿಯಿತು. ಜನರ ಖರ್ಚಿನ ರೀತಿ ಬದಲಾಗಿದೆ ಎಂಬುದು ಅವರ ವಿವರಣೆ. ಇರಬಹುದು. ಆದರೆ ಸಂಬಳದ ಹೆಚ್ಚಿನ ಪಾಲು ಅಕ್ಕಿ, ಬೇಳೆ, ಎಣ್ಣೆಗೇ ಹೋಗುವ ಮನೆಯಲ್ಲಿ ಈರುಳ್ಳಿ ಬೆಲೆ ಏರಿದರೆ ಸೂಚ್ಯಂಕ ಹಿಂದಿನಷ್ಟು ಏರುವುದಿಲ್ಲ. ಕಲ್ಲು ಬದಲಾದರೆ ತೂಕ ಬದಲಾಗುತ್ತದೆ. ಆದ್ದರಿಂದ ಕಲ್ಲನ್ನು ಎಲ್ಲರೂ ಮುಟ್ಟಿ ನೋಡುವಂತಿರಬೇಕು.

ಮೊಟ್ಟೆಯ ವಿಷಯದಲ್ಲೂ ಇಂಥ ವಿಚಿತ್ರ ನಡೆಯಿತು. ಶಿಕ್ಷಣ ಇಲಾಖೆ ಅಧ್ಯಯನವನ್ನು ನೋಡಿ ಮೊಟ್ಟೆಯನ್ನು ಎಲ್ಲ ಜಿಲ್ಲೆಗೂ ಹಬ್ಬಿಸಿದ ಅದೇ 2022ರ ಜುಲೈಯಲ್ಲಿ, ಹೊಸ ಶಿಕ್ಷಣ ನೀತಿಗಾಗಿ ರಾಜ್ಯದಲ್ಲಿ ನೇಮಿಸಿದ್ದ ಸಮಿತಿಯೊಂದರ ಪತ್ರ ಹೊರಬಿತ್ತು. ಭಾರತೀಯರ ಮೈಕಟ್ಟು ಸಣ್ಣದು, ದಿನವೂ ಮೊಟ್ಟೆ ಮಾಂಸ ತಿಂದರೆ ಕಾಯಿಲೆ ಬರುತ್ತದೆ ಎಂಬ ಧಾಟಿಯ ಮಾತು ಅದರಲ್ಲಿತ್ತು. ಒಂದೇ ಸರಕಾರದ ಬಲಗೈಯಲ್ಲಿ ಮಕ್ಕಳನ್ನು ತೂಗಿದ ಲೆಕ್ಕ. ಎಡಗೈಯಲ್ಲಿ ಯಾರನ್ನೂ ತೂಗದ ಅಭಿಪ್ರಾಯ. ಮೈಕಟ್ಟು ಸಣ್ಣದಾದದ್ದು ಏತರಿಂದ ಎಂದು ಆ ಪಂಡಿತರು ಒಮ್ಮೆ ಯೋಚಿಸಿದ್ದರೆ ಸಾಕಿತ್ತು. ಪತ್ರದ ಮೇಲೆ ದೊಡ್ಡ ಪದವಿಗಳಿದ್ದ ಮಾತ್ರಕ್ಕೆ ಅದು ಸಾಕ್ಷ್ಯವಾಗುವುದಿಲ್ಲ.

ಇನ್ನೊಂದು ಮಾತು. ಬಡವನ ಮಗುವಿಗೆ ಒಂದು ಮೊಟ್ಟೆ ಕೊಡಬೇಕಾದರೆ ಏಳು ಜಿಲ್ಲೆಗಳಲ್ಲಿ ಪರೀಕ್ಷೆ, ವಿಶ್ವವಿದ್ಯಾಲಯದ ವರದಿ, ನಾಲ್ಕು ಸಭೆ. ಸರಿ, ಆಗಲಿ. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ದೊಡ್ಡ ಕಂಪೆನಿಗಳ ಆದಾಯತೆರಿಗೆಯ ದರವನ್ನು ಶೇಕಡಾ 30ರಿಂದ 22ಕ್ಕೆ ಇಳಿಸಿತು. ಅದರಿಂದ ವರ್ಷಕ್ಕೆ 1,45,000 ಕೋಟಿ ರೂಪಾಯಿ ಬೊಕ್ಕಸಕ್ಕೆ ತಪ್ಪುತ್ತದೆ ಎಂದು ಅರ್ಥಮಂತ್ರಿಗಳೇ ಹೇಳಿದರು. ಅದನ್ನು ಮೊದಲು ಯಾವ ಎರಡು ಜಿಲ್ಲೆಗಳಲ್ಲಿ ಪರೀಕ್ಷಿಸಿ ನೋಡಿದ್ದರು? ಎಷ್ಟು ಹೊಸ ಕೆಲಸ ಹುಟ್ಟುತ್ತದೆಂದು ಯಾವ ತಕ್ಕಡಿಗೆ ಹಾಕಿದ್ದರು? ಸಾಕ್ಷ್ಯವನ್ನು ಬಡವನ ಬಾಗಿಲಲ್ಲಿ ಮಾತ್ರ ಕೇಳಿ, ಸಿರಿವಂತನ ಬಾಗಿಲಲ್ಲಿ ಕೇಳದಿದ್ದರೆ ಅದು ಸಾಕ್ಷ್ಯಾಧಾರಿತ ನೀತಿಯಾಗದು. ಹಳೆಯ ಪಕ್ಷಪಾತವೇ ಹೊಸ ಅಂಗಿ ತೊಟ್ಟಂತೆ ಆಗುತ್ತದೆ. ಕಚೇರಿಗಳಲ್ಲಿ ಈ ಕೆಲಸ ಮಾಡುವ ಪ್ರಾಮಾಣಿಕರಿಗೆ ಇದು ತಿಳಿಯದ ಸಂಗತಿಯಲ್ಲ. ಅವರ ತಕ್ಕಡಿ ಎಲ್ಲಿಯವರೆಗೆ ಹೋಗಬಹುದೆಂಬುದನ್ನು ಅವರು ನಿರ್ಧರಿಸುವುದಿಲ್ಲ. ಅದನ್ನು ನಿರ್ಧರಿಸುವವರ ಮೇಲೆ ಒತ್ತಡ ತರುವುದು ನಮ್ಮ ಕೆಲಸ.

ಮತ್ತೆ ಮೊಟ್ಟೆಗೆ ಬರೋಣ, ಏಕೆಂದರೆ ಕಥೆ ಸುಖಾಂತವಾಗಿ ಮುಗಿದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ ಸರಕಾರ ಒಂದು ಮೊಟ್ಟೆಗೆ ಗೊತ್ತುಮಾಡಿದ್ದು 6 ರೂಪಾಯಿ. ಅದರಲ್ಲೇ ಮೊಟ್ಟೆಯ ಬೆಲೆ, ಅದರಲ್ಲೇ ಬೇಯಿಸುವ ಉರುವಲು, ಅದರಲ್ಲೇ ಸುಲಿಯುವ ಕೂಲಿ. ಪೇಟೆಯಲ್ಲಿ ಮೊಟ್ಟೆಯ ಬೆಲೆಯೇ ಅಷ್ಟನ್ನು ಮುಟ್ಟಿದಾಗ ಅನೇಕ ಕಡೆ ಮುಖ್ಯೋಪಾಧ್ಯಾಯರು ಕೈಯಿಂದ ಹಣ ಹಾಕಬೇಕಾಯಿತೆಂದು ದೂರಿದರು. ಮೊಟ್ಟೆ ಮಾರುವ ನಮ್ಮ ಸಣ್ಣ ಅಂಗಡಿಯವನಿಗೆ ಈ ಲೆಕ್ಕ ಬಾಯಿಪಾಠ. ಚಳಿಗಾಲದ ದರ ಬೇರೆ, ಬೇಸಿಗೆಯ ದರ ಬೇರೆ. ಮಕ್ಕಳ ತೂಕವನ್ನು ಅಷ್ಟು ಶ್ರದ್ಧೆಯಿಂದ ಅಳೆದ ಸರಕಾರ ಪೇಟೆಯ ದರವನ್ನು ಅಳೆಯುವುದನ್ನು ಏಕೆ ಮರೆಯಿತು? ಒಲೆಯ ಮುಂದೆ ನಿಂತು ಮೊಟ್ಟೆ ಬೇಯಿಸಿ ಸುಲಿಯುವ ಬಿಸಿಯೂಟದ ಅಕ್ಕಂದಿರ ಶ್ರಮಕ್ಕೆ ಬಿಡಿಗಾಸಿನ ಬೆಲೆ ಕಟ್ಟಿದ್ದು ಯಾವ ಅಧ್ಯಯನದ ಆಧಾರದಿಂದ?

2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನವರು ಮೂರು ವರ್ಷಗಳಿಗೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿ, ವಾರಕ್ಕೆ ಎರಡು ಇದ್ದದ್ದು ಆರು ದಿನಕ್ಕೆ ಏರಿತು. ಒಳ್ಳೆಯ ಕೆಲಸ, ಕೊಟ್ಟವರಿಗೆ ಕೃತಜ್ಞತೆ ಸಲ್ಲಬೇಕು. ಆದರೆ ಮಗುವಿನ ತಟ್ಟೆಯ ಆರು ಮೊಟ್ಟೆಗಳಲ್ಲಿ ಎರಡು ಸರಕಾರದವು, ನಾಲ್ಕು ದಾನಿಗಳವು ಎಂಬುದು ನಾವು ಯೋಚಿಸಬೇಕಾದ ಸಂಗತಿ. ದಾನಕ್ಕೆ ಅವಧಿಯುಂಟು, ಹಸಿವಿಗೆ ಅವಧಿಯಿಲ್ಲ. ಒಂದು ಮೊಟ್ಟೆ ಮಗುವಿಗೆ ಒಳ್ಳೆಯದೆಂದು ಸರಕಾರವೇ ತೂಗಿ ಕಂಡ ಮೇಲೆ ಅದು ಆಯವ್ಯಯ ಪತ್ರದಲ್ಲಿ ಇರಬೇಕಾದ ಬಾಬತ್ತು. ಸಾಕ್ಷ್ಯ ಸಿಕ್ಕ ಮೇಲೂ ಸರಕಾರ ಹಣ ಇಡದಿದ್ದರೆ ಸಾಕ್ಷ್ಯ ಹುಡುಕಿದ್ದು ಏತಕ್ಕೆ?

ಆದ್ದರಿಂದ ನಾವು ಹೇಳುವುದು ಇಷ್ಟು. ಸರಕಾರದ ಕಚೇರಿಯಲ್ಲಿ ಕೂತು, ತೂಗದೆ ತೀರ್ಮಾನಿಸಬೇಡಿ ಎಂದು ಮಂತ್ರಿಗಳಿಗೆ ಹೇಳುವ ನೌಕರರನ್ನು ನಾವು ನಮ್ಮವರೆಂದೇ ತಿಳಿಯುತ್ತೇವೆ. ಅವರ ಕೆಲಸ ಬೆಳೆಯಬೇಕು. ಅವರು ಅಳೆದ ಪ್ರತಿಯೊಂದು ವರದಿಯೂ ಕನ್ನಡದಲ್ಲಿ, ನಮ್ಮ ಜನಕ್ಕೆ ತಿಳಿಯುವ ಮಾತಿನಲ್ಲಿ, ತಾಲ್ಲೂಕು ಕಚೇರಿಯಲ್ಲೂ ಗ್ರಂಥಾಲಯದಲ್ಲೂ ಸಿಗುವಂತಾಗಬೇಕು. ಮಂತ್ರಿಗಳಿಗೆ ಹಿಡಿಸದ ವರದಿಯನ್ನೂ ಹಿಡಿಸಿದ ವರದಿಯಷ್ಟೇ ಬೇಗ ಹೊರಗಿಡಬೇಕು. ಏನನ್ನು ಅಳೆಯಬೇಕೆಂದು ಗೊತ್ತುಮಾಡುವ ಸಭೆಯಲ್ಲಿ ಅಳೆಯಿಸಿಕೊಳ್ಳುವವರಿಗೂ ಒಂದು ಕುರ್ಚಿ ಇರಬೇಕು; ಅಂಗನವಾಡಿಯವರು, ಬಿಸಿಯೂಟದವರು, ಕಾರ್ಮಿಕ ಸಂಘದವರು ಅಲ್ಲಿ ಕೂರಬೇಕು. ಬಡವರ ಯೋಜನೆಗೆ ಹಿಡಿಯುವ ತಕ್ಕಡಿಯನ್ನೇ ದೊಡ್ಡವರ ರಿಯಾಯಿತಿಗೂ ಹಿಡಿಯಬೇಕು.

ಓದುಗ ಬಂಧುಗಳೂ ಒಂದು ಕೆಲಸ ಮಾಡಬಹುದು. ಮುಂದಿನ ಸಲ ಮಗುವಿನ ಶಾಲೆಗೆ ಹೋದಾಗ ಈ ವಾರ ಎಷ್ಟು ಮೊಟ್ಟೆ ಬಂದವು ಎಂದು ಮಗುವನ್ನು ಕೇಳಿರಿ, ರಿಜಿಸ್ಟರಿನಲ್ಲಿ ಎಷ್ಟು ಬರೆದಿದ್ದಾರೆಂದು ಗುರುಗಳನ್ನು ಕೇಳಿರಿ. ಎರಡೂ ತಾಳೆಯಾದರೆ ಸಂತೋಷ. ಆಗದಿದ್ದರೆ ಶಾಲಾಭಿವೃದ್ಧಿ ಸಮಿತಿಯ ಮುಂದಿನ ಸಭೆಯಲ್ಲಿ ಎದ್ದು ನಿಂತು ಆ ಎರಡು ಅಂಕಿಗಳನ್ನು ಓದಿ ಹೇಳಿರಿ.